ಗಿಡದಿಂದ ಬಂದದ್ದೆಲ್ಲ ಕೊಳೆಯುತ್ತದೆಯೇ? ಫೇಸ್‌ವಾಶ್ ಮಣಿಗಳ ಲೆಕ್ಕ

ಈ ಪಾಠದಲ್ಲಿ ನಾನು ಎರಡು ದಿನ ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಫೇಸ್‌ವಾಶ್, ಸ್ಕ್ರಬ್‌ಗಳಲ್ಲಿ ಚರ್ಮ ಉಜ್ಜಲು ಹಾಕುವ ಸಣ್ಣ ಪ್ಲಾಸ್ಟಿಕ್ ಮಣಿಯ ಬದಲು ಕೊಳೆಯುವ ಮಣಿ ಹಾಕಿದ್ದೇವೆ ಅಂತ ಒಬ್ಬರು ಹೇಳಿದರೆ, ಅದು ನಿಜಕ್ಕೂ ಕೊಳೆಯಿತು ಅಂತ ಅಳೆಯುವುದು ಹೇಗೆ? ಲೆಕ್ಕ ಈಗ ಕೈಗೆ ಹತ್ತಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸುತ್ತೇನೆ. ಸ್ಕ್ರಬ್‌ಗಳಲ್ಲಿ ಇದ್ದ ಮಣಿ ಹೆಚ್ಚಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಒಂದು ಸಲ ಮುಖ ತೊಳೆದರೆ 4,594ರಿಂದ 94,500 ಮಣಿ ಚರಂಡಿಗೆ ಹೋಗಬಹುದು ಎಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2015ರಲ್ಲಿ ಅಂದಾಜು ಮಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಮಾಡಿತು. ಆದರೆ ಅದು ಹಿಡಿದದ್ದು ಉಜ್ಜಿ ತೊಳೆಯುವ ಮಣಿಗಳನ್ನು ಮಾತ್ರ. ಯುರೋಪಿಯನ್ ಒಕ್ಕೂಟದ 2023/2055 ನಿಯಮದ ಬಲೆ ಇನ್ನೂ ದೊಡ್ಡದು. ಉಜ್ಜುವ ಮಣಿಗೆ 2023ರ ಅಕ್ಟೋಬರ್ 17ರಿಂದಲೇ ತಡೆ. ತೊಳೆದುಹೋಗುವ ಉಳಿದ ಉತ್ಪನ್ನಗಳಿಗೆ 2027, ಹಚ್ಚಿ ಬಿಡುವ ಕ್ರೀಮ್‌ಗಳಿಗೆ 2029, ಮೇಕಪ್, ತುಟಿ, ಉಗುರಿನ ಬಣ್ಣಗಳಿಗೆ 2035ರವರೆಗೆ ಸಮಯ. ನಿಯಮದಿಂದ ಹೊರಗಿರುವವು ನಾಲ್ಕು ಬಗೆ: ರಾಸಾಯನಿಕವಾಗಿ ಬದಲಾಯಿಸದ ನೈಸರ್ಗಿಕ ಪಾಲಿಮರ್ (ಸಣ್ಣ ಘಟಕಗಳು ಸಾಲಾಗಿ ಸೇರಿ ಆದ ಉದ್ದ ಸರಪಳಿ ಅಣು), ನೀರಿನಲ್ಲಿ ಕರಗುವುದು, ಕಾರ್ಬನ್ನೇ ಇಲ್ಲದ್ದು, ಮತ್ತು ಕೊಳೆಯುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಿದ್ದು. ನನ್ನ ತಲೆ ತಿಂದದ್ದು ಈ ನಾಲ್ಕನೆಯದು.

ಕೊಳೆಯುವುದು ಅಂದರೆ ಏನು?

ಮಣಿ ಕಾಣದಂತಾದರೆ ಕೊಳೆತಂತೆ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ದೊಡ್ಡ ಚೂರು ಸಣ್ಣ ಚೂರಾದರೂ ಕಣ್ಣಿಗೆ ಕಾಣುವುದಿಲ್ಲ. ಜರಡಿಯಲ್ಲಿ ಉಳಿದದ್ದನ್ನು ತೂಗಿ, ತೂಕ ಕಡಿಮೆಯಾಯಿತು ಅಂತ ಹೇಳಿದರೂ ಸಾಲದು. ಪುಡಿ ಜರಡಿಯಿಂದ ಜಾರಿಹೋಗಿರಬಹುದು ಅಲ್ವಾ?

ಹಾಗಾಗಿ ಪರೀಕ್ಷೆ ಕೇಳುವ ಪ್ರಶ್ನೆ ಬೇರೆ. ಮಣಿಯೊಳಗಿದ್ದ ಕಾರ್ಬನ್ ಎಲ್ಲಿ ಹೋಯಿತು? ಬ್ಯಾಕ್ಟೀರಿಯಾ ಅದನ್ನು ತಿಂದಿದ್ದರೆ, ನಾವು ಉಸಿರು ಬಿಟ್ಟಂತೆ ಅದೂ ಕಾರ್ಬನ್ ಡೈಆಕ್ಸೈಡ್ ಬಿಡಬೇಕು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 301ಬಿ ಪರೀಕ್ಷೆಯಲ್ಲಿ ಮಾಡುವುದು ಇದನ್ನೇ. ಬಾಟಲಿಯಲ್ಲಿ ಲವಣಗಳಿರುವ ನೀರು, ಅದಕ್ಕೆ ಕೊಳಚೆ ನೀರು ಸಂಸ್ಕರಣಾ ಘಟಕದಿಂದ ತಂದ ಸ್ವಲ್ಪ ಕೆಸರು, ಜೊತೆಗೆ ನಮ್ಮ ಮಣಿ. ಶಾಖ ಸುಮಾರು 22 ಡಿಗ್ರಿ. ಹೊರಬರುವ ಗಾಳಿಯನ್ನು ಕ್ಷಾರದ ದ್ರಾವಣದ ಮೂಲಕ ಹಾಯಿಸಿ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತಾರೆ. 28 ದಿನದಲ್ಲಿ 60% ಮುಟ್ಟಿದರೆ ಪಾಸು.

ಯಾವುದರ 60%? ನಾನು ಎಡವಿದ್ದು ಇಲ್ಲೇ. ನಿಧಾನವಾಗಿ ಬರೆಯುತ್ತೇನೆ.

ಪಿಎಚ್‌ಬಿ ತೆಗೆದುಕೊಳ್ಳೋಣ. ನಮ್ಮ ಮೈಯಲ್ಲಿ ಕೊಬ್ಬು ಕೂಡುವಂತೆ ಕೆಲವು ಬ್ಯಾಕ್ಟೀರಿಯಾ ತಮ್ಮೊಳಗೆ ಕೂಡಿಡುವ ಪಾಲಿಮರ್ ಇದು. ಫ್ರಾನ್ಸಿನ ವಿಜ್ಞಾನಿ ಮಾರಿಸ್ ಲೆಮ್ವಾನ್ಯ್ 1920ರ ದಶಕದಲ್ಲಿ ಇದನ್ನು ಗುರುತಿಸಿದರು. ಇದರ ಒಂದು ಘಟಕದಲ್ಲಿ 4 ಕಾರ್ಬನ್, 6 ಹೈಡ್ರೋಜನ್, 2 ಆಕ್ಸಿಜನ್. ಒಂದು ಕಾರ್ಬನ್‌ನ ತೂಕ 12, ಹೈಡ್ರೋಜನ್‌ನದು 1, ಆಕ್ಸಿಜನ್‌ನದು 16 ಅಂತ ಹಿಡಿದರೆ, ಒಟ್ಟು ತೂಕ 48 + 6 + 32 = 86. ಅದರಲ್ಲಿ ಕಾರ್ಬನ್ 48. ಅಂದರೆ 55.8%.

100 ಮಿಲಿಗ್ರಾಂ ಮಣಿ ಹಾಕಿದರೆ ಅದರಲ್ಲಿ ಕಾರ್ಬನ್ 55.8 ಮಿಲಿಗ್ರಾಂ. ಪ್ರತಿ ಕಾರ್ಬನ್ ಎರಡು ಆಕ್ಸಿಜನ್ ಹೊತ್ತುಕೊಂಡು ಹೊರಬರುತ್ತದೆ. 12 ಇದ್ದದ್ದು 44 ಆಗುತ್ತದೆ. ಆದ್ದರಿಂದ 55.8 × 44 ÷ 12, ಸುಮಾರು 205 ಮಿಲಿಗ್ರಾಂ. 100 ಹಾಕಿದರೆ 205 ಬರುವುದು ಹೇಗೆ ಅಂತ ನಾನು ಎಷ್ಟೋ ಹೊತ್ತು ಒದ್ದಾಡಿದೆ. ಜಾಸ್ತಿಯಾದ ತೂಕ ಮಣಿಯದ್ದಲ್ಲ, ಗಾಳಿಯ ಆಕ್ಸಿಜನ್‌ನದು. 60% ಅಂದರೆ ಈ 205ರ 60%. ಅಂದರೆ 123 ಮಿಲಿಗ್ರಾಂ. ಮಣಿಯ 100ಕ್ಕೆ ಭಾಗಿಸಬೇಡಿ.

ಇನ್ನೊಂದು ಗುಂಡಿ ಇದೆ. ಕೆಸರಿನ ಬ್ಯಾಕ್ಟೀರಿಯಾ ಮಣಿ ಇಲ್ಲದಿದ್ದರೂ ಉಸಿರಾಡುತ್ತವೆ. ಅದಕ್ಕೇ ಮಣಿ ಹಾಕದ ಇನ್ನೊಂದು ಬಾಟಲಿ ಪಕ್ಕದಲ್ಲಿ ಇರುತ್ತದೆ. ಅಭ್ಯಾಸಕ್ಕೆ ನಾನೇ ಇಟ್ಟುಕೊಂಡ ಸಂಖ್ಯೆಗಳಿವು: 28ನೇ ದಿನ ಮಣಿಯ ಬಾಟಲಿಯಲ್ಲಿ 135, ಖಾಲಿ ಬಾಟಲಿಯಲ್ಲಿ 18 ಮಿಲಿಗ್ರಾಂ. ಕಳೆದರೆ 117. 117ನ್ನು 205ರಿಂದ ಭಾಗಿಸಿದರೆ 57%. ಫೇಲು! ಕಳೆಯಲು ಮರೆತರೆ 66% ಬಂದು ಪಾಸಾದಂತೆ ಕಾಣುತ್ತದೆ.

ಇದೇ 117 ಮಿಲಿಗ್ರಾಂ ಸೆಲ್ಯುಲೋಸ್ ಮಣಿಯಿಂದ ಬಂದಿದ್ದರೆ? ಸೆಲ್ಯುಲೋಸ್‌ನಲ್ಲಿ ಕಾರ್ಬನ್ 44.4% ಮಾತ್ರ. 100 ಮಿಲಿಗ್ರಾಂನಿಂದ ಹೆಚ್ಚೆಂದರೆ 163 ಬರಬಹುದು. ಆಗ 72%, ಆರಾಮವಾಗಿ ಪಾಸು. ಆದ್ದರಿಂದ ಎರಡು ವಸ್ತುಗಳ ಗ್ಯಾಸನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ನೀವೂ ಒಂದು ಮಾಡಿ ನೋಡಿ: ಪಾಲಿಲ್ಯಾಕ್ಟಿಕ್ ಆಸಿಡ್ ಎಂಬ ಪಾಲಿಮರ್‌ನ ಘಟಕದಲ್ಲಿ 3 ಕಾರ್ಬನ್, 4 ಹೈಡ್ರೋಜನ್, 2 ಆಕ್ಸಿಜನ್. 100 ಮಿಲಿಗ್ರಾಂಗೆ ಹೆಚ್ಚೆಂದರೆ 183 ಬಂದರೆ ಲೆಕ್ಕ ಸರಿ.

ಪಾಸಾಗಲು 100% ಯಾಕೆ ಬೇಡ? ನಾವು ತಿಂದ ಮುದ್ದೆಯೆಲ್ಲ ಉಸಿರಾಗಿ ಹೋಗುವುದಿಲ್ಲ, ಸ್ವಲ್ಪ ಮೈಗೆ ಹತ್ತುತ್ತದೆ. ಬ್ಯಾಕ್ಟೀರಿಯಾಗೂ ಹಾಗೆಯೇ. ಉಳಿದ ಕಾರ್ಬನ್‌ನ ಒಂದು ಪಾಲು ಹೊಸ ಬ್ಯಾಕ್ಟೀರಿಯಾ ಆಗಿರುತ್ತದೆ.

ಬೆನ್ನುಮೂಳೆ ನೋಡುವ ಉಪಾಯ

ಹೆಸರು ನೋಡಿಯೇ ಊಹಿಸಲು ನನಗೆ ಇಷ್ಟವಾದ ದಾರಿ ಇದು. ಪಾಲಿಮರ್ ಸರಪಳಿ ಉದ್ದ, ಅದರ ಮುಖ್ಯ ಎಳೆಯೇ ಬೆನ್ನುಮೂಳೆ. ಬ್ಯಾಕ್ಟೀರಿಯಾ ಅದನ್ನು ಇಡಿಯಾಗಿ ನುಂಗಲಾರದು. ಮೊದಲು ಹೊರಗೆ ಕಿಣ್ವ ಬಿಟ್ಟು ಕತ್ತರಿಸಬೇಕು. ಕತ್ತರಿ ಹಾಕಲು ಸಂದು ಬೇಕು. ಪಾಲಿಎಥಿಲೀನ್‌ನ ಬೆನ್ನುಮೂಳೆ ಪೂರ್ತಿ ಕಾರ್ಬನ್-ಕಾರ್ಬನ್, ಸಂದೇ ಇಲ್ಲ. ಪಿಎಚ್‌ಬಿಯಲ್ಲಿ ಪ್ರತಿ ಘಟಕಕ್ಕೂ ಒಂದು ಎಸ್ಟರ್ ಬಂಧ (ಆಕ್ಸಿಜನ್ ನಡುವೆ ಕೂತ ಸಂದು), ಅಲ್ಲಿ ನೀರು ಸೇರಿಸಿ ಬಿಡಿಸಬಹುದು.

ಆದರೆ ಎಸ್ಟರ್ ಎಲ್ಲಿದೆ ನೋಡಿ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಫೌಂಡೇಶನ್‌ಗೆ ನುಣುಪು ಕೊಡುವ ಪುಡಿ. ಅದರಲ್ಲೂ ಎಸ್ಟರ್ ಇದೆ, ಆದರೆ ಪಕ್ಕದ ಕೊಂಬೆಯಲ್ಲಿ. ಕೊಂಬೆ ಕಡಿದರೂ ಕಾಂಡ ಹಾಗೇ ನಿಂತಿರುತ್ತದೆ. ಇನ್ನು ನೀರಿನ ಬಾಟಲಿಯ ಪ್ಲಾಸ್ಟಿಕ್ ಆದ ಪಿಇಟಿಯ ಬೆನ್ನುಮೂಳೆಯಲ್ಲೇ ಎಸ್ಟರ್ ಇದ್ದರೂ ನಡುವೆ ಬೆಂಜೀನ್ ಉಂಗುರಗಳು ಬಿಗಿಯಾಗಿ ಕೂತಿವೆ, ಕಿಣ್ವ ಒಳಹೊಗುವುದು ಕಷ್ಟ. ಉಪಾಯ ಅರ್ಧ ದಾರಿ ತೋರಿಸುತ್ತದೆ ಅಷ್ಟೇ. ಕೊನೆಗೆ ಬಾಟಲಿಯೇ ಹೇಳಬೇಕು.

ಗಿಡ ಅನ್ನುವ ಪದ ಮೋಸ ಮಾಡುವುದೂ ಇಲ್ಲಿಯೇ. ಬ್ರೆಜಿಲ್‌ನಲ್ಲಿ ಕಬ್ಬಿನ ಎಥನಾಲ್‌ನಿಂದ ಪಾಲಿಎಥಿಲೀನ್ ಮಾಡುತ್ತಾರೆ. ಮೂಲ ಕಬ್ಬು, ಆದರೆ ಅಣು ಅದೇ ಪಾಲಿಎಥಿಲೀನ್, ಕೊಳೆಯುವುದಿಲ್ಲ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ ಪೆಟ್ರೋಲಿಯಂನಿಂದ ಬರುತ್ತದೆ, ಆದರೂ ಕೊಳೆಯುತ್ತದೆ. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಸಿಡ್ ಕೈಗಾರಿಕಾ ಕಾಂಪೋಸ್ಟ್‌ನ 58 ಡಿಗ್ರಿ ಬಿಸಿಯಲ್ಲಿ ಚೆನ್ನಾಗಿ ಒಡೆಯುತ್ತದೆ. ತಣ್ಣನೆ ಸಮುದ್ರದಲ್ಲಿ ಬಹಳ ಕಾಲ ಹಾಗೇ ಉಳಿಯುತ್ತದೆ. ಫೇಸ್‌ವಾಶ್ ನೀರು ಹೋಗುವುದು ಕಾಂಪೋಸ್ಟ್ ಗುಂಡಿಗಲ್ಲ, ಚರಂಡಿಗೆ. ಸುಮ್ನೆ 'ಕೊಳೆಯುತ್ತದೆ' ಅಂತ ಬರೆದಿದ್ದರೆ ಎಲ್ಲಿ, ಎಷ್ಟು ದಿನದಲ್ಲಿ ಅಂತ ಕೇಳಲೇಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ.

ಉಳಿದ ಬದಲಿಗಳು

ಜೊಜೊಬಾ ಮಣಿ: ಮೇಣ, ಪಾಲಿಮರ್ ಅಲ್ಲವೇ ಅಲ್ಲ. ಉರುಟಾಗಿರುವುದರಿಂದ ಚರ್ಮಕ್ಕೆ ಮೆತ್ತಗೆ.

ಅಕ್ರೋಟ್ ಸಿಪ್ಪೆ, ಏಪ್ರಿಕಾಟ್ ಬೀಜದ ಪುಡಿ: ನೈಸರ್ಗಿಕ. ಮರಕ್ಕೆ ಗಡಸು ಕೊಡುವ ಲಿಗ್ನಿನ್ ಇರುವುದರಿಂದ ನಿಧಾನವಾಗಿ ಕೊಳೆಯುತ್ತವೆ. ಅಂಚು ಚೂಪು.

ಕಡಲೆಹಿಟ್ಟು, ಹೆಸರುಹಿಟ್ಟು: ನಮ್ಮ ಮನೆಗಳಲ್ಲಿ ಎಣ್ಣೆಸ್ನಾನಕ್ಕೆ ಇವೇ ಇದ್ದವು. ಇವನ್ನು ಯಾಕೆ ಒಣಪುಡಿಯಾಗಿಟ್ಟು ಬೇಕಾದಾಗ ಮಾತ್ರ ಕಲಸುತ್ತಿದ್ದರು ಅಂತ ಈಗ ಅರ್ಥವಾಯಿತು. ನದಿಯಲ್ಲಿ ಬ್ಯಾಕ್ಟೀರಿಯಾಗೆ ಊಟವಾಗುವುದು ಒದ್ದೆ ಟ್ಯೂಬಿನಲ್ಲೂ ಊಟವೇ. ಕೊಳೆಯುವ ಮಣಿ ಮಾಡುವವರಿಗೆ ದೊಡ್ಡ ತಲೆನೋವು ಇದು. ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕೆಡಬಾರದು, ಚರಂಡಿಗೆ ಇಳಿದ ಮೇಲೆ ಬೇಗ ಕೊಳೆಯಬೇಕು.

ಸಿಲಿಕಾ: ಇದಕ್ಕೂ ಅದೇ ಲೆಕ್ಕ ಹಾಕಲು ಹೊರಟೆ. ಒಂದು ಸಿಲಿಕಾನ್, ಎರಡು ಆಕ್ಸಿಜನ್. ಕಾರ್ಬನ್ ಸೊನ್ನೆ, ಬರಬೇಕಾದ ಗ್ಯಾಸೂ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು. ಕಾರ್ಬನ್ ಇಲ್ಲದ್ದಕ್ಕೆ ನಿಯಮದಲ್ಲಿ ಬೇರೆಯೇ ವಿನಾಯಿತಿ ಯಾಕೆ ಅಂತ ನನಗೆ ಹೊಳೆದದ್ದು ಆಗಲೇ.