ಚಳಿಗಾಲದ ಮದುವೆಗೆ ವ್ಯಾಕ್ಸಿಂಗೋ, ಲೇಸರೋ, ರೇಜರೋ?

ಪ್ರಶ್ನೆ: ಈಗ ಡಿಸೆಂಬರ್ ಶುರುವಾಗಿದೆ. ಸಂಕ್ರಾಂತಿ ಕಳೆದು ಮೂರು ವಾರಕ್ಕೆ ನನ್ನ ಮದುವೆ. ಊರು ಧಾರವಾಡ. ಈ ಚಳಿಗೆ ಕೈಕಾಲಿನ ಚರ್ಮ ಒಣಗಿ ಬೆಳ್ಳಗೆ ಒಡೆಯುತ್ತಿದೆ. ಇಷ್ಟು ದಿನ ರೇಜರ್ ಬಳಸುತ್ತಿದ್ದೆ. ಮದುವೆಗೆ ವ್ಯಾಕ್ಸಿಂಗ್ ಮಾಡಿಸು ಅಂತ ಅಕ್ಕ ಹೇಳುತ್ತಾಳೆ. ಲೇಸರ್ ಮಾಡಿಸಿಬಿಡು, ಮತ್ತೆ ತಲೆನೋವೇ ಇರಲ್ಲ ಅಂತ ಗೆಳತಿ. ಗದ್ದದ ಮೇಲೂ ನಾಲ್ಕೈದು ದಪ್ಪ ಕೂದಲು ಬರುತ್ತವೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮದುವೆ ಕಾಲ ಹತ್ತಿರ ಬಂದಾಗ ಹೆಣ್ಣುಮಕ್ಕಳು ಅತಿ ಹೆಚ್ಚು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನಿಮಗೆ ನನ್ನ ಉತ್ತರ ಇಷ್ಟು: ಕೈಕಾಲಿಗೆ ವ್ಯಾಕ್ಸಿಂಗ್ ಮಾಡಿಸಿ, ಆದರೆ ಒಂದು ಸಲ ಅಲ್ಲ, ಎರಡು ಸಲ. ಲೇಸರ್ ಬೇಕೆಂದರೆ ಮದುವೆ ಮುಗಿದ ಮೇಲೆ ಶುರು ಮಾಡಿ. ಗದ್ದದ ಕೂದಲಿಗೆ ಸದ್ಯಕ್ಕೆ ಥ್ರೆಡಿಂಗ್ ಸಾಕು, ಆದರೆ ಅದಕ್ಕಾಗಿ ಒಮ್ಮೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಹೀಗೆ ಹೇಳಲು ಕಾರಣ ಇದೆ. ಯಾವ ವಿಧಾನ ಒಳ್ಳೆಯದು ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಕೈಯಲ್ಲಿ ಎಷ್ಟು ದಿನ ಇದೆ ಅನ್ನುವುದು ಉಳಿದರ್ಧ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮಕ್ಕೆ ಒಂದು ಗುಣವಿದೆ. ಸಣ್ಣ ಸುಟ್ಟಗಾಯ, ತರಚು, ಗುಳ್ಳೆ ಏನೇ ಆದರೂ ಅದು ವಾಸಿಯಾದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಆ ಕಲೆ ಮಾಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕೈಮೇಲಿನ ನವಿರು ಕೂದಲು ಮದುವೆ ಫೋಟೋದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲ್ದುಟಿಯ ಮೇಲಿನ ಸುಟ್ಟ ಕಲೆ ಬೀಳುತ್ತದೆ. ಹಾಗಾಗಿ ಮದುವೆಗೆ ಎರಡು ವಾರ ಇರುವಾಗ ಯಾವ ಹೊಸ ವಿಧಾನವನ್ನೂ ಮೈಮೇಲೆ ಪರೀಕ್ಷೆ ಮಾಡಬೇಡಿ. ಇನ್ನೊಂದು ಮಾತು: ಕೂದಲು ತೆಗೆಯಲೇಬೇಕು ಅಂತ ಎಲ್ಲೂ ಬರೆದಿಲ್ಲ. ನಿಮಗೆ ಬೇಕೆನಿಸಿದರೆ ಮಾತ್ರ ಮಾಡಿಸಿ. ಯಾರೋ ಏನೋ ಅಂದರು ಅಂತ ಸುಮ್ನೆ ಬೇಡ.

ಮೊದಲು ಲೇಸರ್ ವಿಷಯ. ನಿಮ್ಮ ಕೈಯಲ್ಲಿ ಸುಮಾರು ಒಂಬತ್ತು ವಾರ ಇದೆ. ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹಿಡಿದು, ಅದರ ಮೂಲಕ ಬುಡಕ್ಕೆ ಬಿಸಿ ಮುಟ್ಟಿಸುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಇದು ಸರಿಯಾಗಿ ನಾಟುತ್ತದೆ. ಎಲ್ಲ ಕೂದಲೂ ಒಟ್ಟಿಗೆ ಆ ಹಂತದಲ್ಲಿ ಇರುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ 6ರಿಂದ 8 ಸಿಟಿಂಗ್ ಬೇಕಾಗುತ್ತದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ 4ರಿಂದ 8 ವಾರ ಬಿಡಬೇಕು. ಒಂಬತ್ತು ವಾರದಲ್ಲಿ ಹೆಚ್ಚೆಂದರೆ ಎರಡು ಮೂರು ಸಿಟಿಂಗ್ ಆದೀತು. ಆಗ ಕೂದಲು ಅಲ್ಲಲ್ಲಿ ಉದುರಿ, ಅಲ್ಲಲ್ಲಿ ಉಳಿದು, ತೇಪೆ ತೇಪೆಯಾಗಿ ಕಾಣುತ್ತದೆ. ಅದೇ ಹೊತ್ತಿಗೆ ವ್ಯಾಕ್ಸಿಂಗ್ ಮಾಡಿಸುವ ಹಾಗೂ ಇಲ್ಲ. ಲೇಸರ್‌ಗೆ ಬುಡದಲ್ಲಿ ಕೂದಲು ಇರಬೇಕು, ವ್ಯಾಕ್ಸಿಂಗ್ ಅದನ್ನೇ ಕಿತ್ತು ಹಾಕುತ್ತದೆ. ಎರಡು ಸಿಟಿಂಗ್ ನಡುವೆ ರೇಜರ್ ಒಂದೇ ದಾರಿ.

ಗೆಳತಿ ಹೇಳಿದ ಹಾಗೆ ಲೇಸರ್‌ನಿಂದ ಕೂದಲು ಪೂರ್ತಿ ಹೋಗುವುದೂ ಇಲ್ಲ. ತುಂಬಾ ಕಡಿಮೆಯಾಗುತ್ತದೆ, ಉಳಿದದ್ದು ತೆಳ್ಳಗಾಗುತ್ತದೆ, ವರ್ಷಕ್ಕೆ ಒಂದೋ ಎರಡೋ ಸಲ ಮತ್ತೆ ಮಾಡಿಸಬೇಕಾಗಬಹುದು. ಬಿಳಿ ಕೂದಲಿಗೆ ಇದು ಕೆಲಸವೇ ಮಾಡುವುದಿಲ್ಲ. ಹಾಗಂತ ಲೇಸರ್ ಕೆಟ್ಟದ್ದಲ್ಲ. ಮುಂದಿನ ವರ್ಷ ಮದುವೆ ಇರುವವರಿಗೆ ಈ ಚಳಿಗಾಲದಲ್ಲೇ ಶುರು ಮಾಡಿ ಅಂತಲೇ ಹೇಳುತ್ತೇನೆ. ತುಂಬುತೋಳು, ಸ್ವೆಟರ್ ಹಾಕುವ ಕಾಲದಲ್ಲಿ ಚರ್ಮಕ್ಕೆ ಬಿಸಿಲು ಕಡಿಮೆ ಬೀಳುತ್ತದೆ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಹಾಯಿಸಿದರೆ ಸುಡುವ ಭಯ ಜಾಸ್ತಿ. ಆದರೆ ನಮ್ಮಲ್ಲಿ ಬೆಳಗ್ಗೆ ಅಂಗಳದಲ್ಲಿ ಕೂತು ಬಿಸಿಲು ಕಾಯಿಸುವ ಅಭ್ಯಾಸವಿದೆ, ಅಲ್ವಾ? ಲೇಸರ್ ಮಾಡಿಸುವಷ್ಟು ದಿನ ಅದನ್ನು ಬಿಡಿ. ಕ್ಲಿನಿಕ್‌ನಲ್ಲಿ ಯಾವ ಯಂತ್ರ ಅಂತ ಕೇಳಿ. ಕಂದು ಮತ್ತು ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಎಂಬ ಲೇಸರ್ ಹೆಚ್ಚು ಸುರಕ್ಷಿತ. 810ರ ಆಸುಪಾಸಿನ ಡಯೋಡ್ ಲೇಸರ್ ಕೂಡ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಚರ್ಮದ ಡಾಕ್ಟರ್ ನೋಡಿಕೊಳ್ಳುವ ಜಾಗವಾದರೆ ಒಳ್ಳೆಯದು. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡದೆ ಇಡೀ ಕೈಗೆ ಹಾಯಿಸಲು ಬಿಡಬೇಡಿ.

ಈಗ ವ್ಯಾಕ್ಸಿಂಗ್. ಎರಡು ಸಲ ಅಂದೆನಲ್ಲ, ಅದಕ್ಕೆ ಕಾರಣ ಕೂದಲಿನ ಹಂತಗಳೇ. ರೇಜರ್ ಬಳಸುತ್ತಿದ್ದವರು ಮೊದಲ ಸಲ ವ್ಯಾಕ್ಸ್ ಮಾಡಿಸಿದಾಗ ಚರ್ಮದ ಮೇಲೆ ಇದ್ದ ಕೂದಲು ಮಾತ್ರ ಕಿತ್ತು ಬರುತ್ತದೆ. ಒಳಗೆ ಕಾಯುತ್ತಿದ್ದ ಕೂದಲು ಒಂದು ವಾರದಲ್ಲೇ ತಲೆ ಎತ್ತುತ್ತದೆ. ‘ವ್ಯಾಕ್ಸ್ ಮಾಡಿಸಿದರೂ ಹೋಗಲೇ ಇಲ್ಲ’ ಅಂತ ಬೇಜಾರಾಗುವುದು ಆಗಲೇ. ಅದಕ್ಕಾಗಿ ಮೊದಲ ವ್ಯಾಕ್ಸಿಂಗ್ ಡಿಸೆಂಬರ್ ಕೊನೆಯ ವಾರದಲ್ಲಿ ಆಗಲಿ. ಹೇಗೂ ಧನುರ್ಮಾಸ, ಹೆಚ್ಚಿನ ಮನೆಗಳಲ್ಲಿ ಶುಭಕಾರ್ಯ ಇರುವುದಿಲ್ಲ. ಗುಳ್ಳೆ ಎದ್ದರೂ ಮಾಯಲು ಸಮಯ ಸಿಗುತ್ತದೆ, ಯಾವ ವ್ಯಾಕ್ಸ್ ನಿಮ್ಮ ಮೈಗೆ ಆಗಿಬರುತ್ತದೆ ಅಂತಲೂ ಗೊತ್ತಾಗುತ್ತದೆ. ಆಮೇಲೆ ರೇಜರ್ ಮುಟ್ಟಬೇಡಿ. ಕೂದಲು ಒಂದು ಅಕ್ಕಿಕಾಳಿನಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಬೆಳೆಯಲು ಬಿಡಿ. ಅದಕ್ಕಿಂತ ಚಿಕ್ಕದಿದ್ದರೆ ವ್ಯಾಕ್ಸಿಗೆ ಹಿಡಿತ ಸಿಗದೆ ನಡುವೆಯೇ ತುಂಡಾಗುತ್ತದೆ, ಮುಂದೆ ಒಳಗೇ ಸುರುಳಿ ಸುತ್ತಿ ಗುಳ್ಳೆಯಾಗುತ್ತದೆ. ಎರಡನೇ ವ್ಯಾಕ್ಸಿಂಗ್ ಮದುವೆಯ ಮೊದಲ ಶಾಸ್ತ್ರಕ್ಕೆ ನಾಲ್ಕೈದು ದಿನ ಮುಂಚೆ.

ಚಳಿಗಾಲಕ್ಕೇ ಸೇರಿದ ಎರಡು ತೊಂದರೆಗಳಿವೆ. ಒಂದು, ಚರ್ಮ ಒಣಗಿ ಸಿಪ್ಪೆ ಎದ್ದಿದ್ದರೆ ವ್ಯಾಕ್ಸ್ ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಎಳೆದುಕೊಂಡು ಬರುತ್ತದೆ. ಬೀದರ್, ವಿಜಯಪುರ, ಧಾರವಾಡದ ಕಡೆಯ ಒಣ ಚಳಿಯಲ್ಲಿ ಇದು ಸಾಮಾನ್ಯ. ಹಾಗಾಗಿ ಇಂದಿನಿಂದಲೇ ಸ್ನಾನ ಮಾಡಿ ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಹಂಡೆಯಿಂದ ಹೊಗೆಯಾಡುವ ನೀರು ಹುಯ್ದುಕೊಳ್ಳುವುದು ಹಿತ ಅನ್ನಿಸಿದರೂ ಅದು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ವ್ಯಾಕ್ಸ್ ಮಾಡಿಸುವ ದಿನ ಮಾತ್ರ ಎಣ್ಣೆ, ಕ್ರೀಮ್ ಏನೂ ಬೇಡ, ವ್ಯಾಕ್ಸ್ ಹಿಡಿಯುವುದಿಲ್ಲ. ಎರಡು, ಚಳಿಗೆ ವ್ಯಾಕ್ಸ್ ಬೇಗ ಗಟ್ಟಿಯಾಗುತ್ತದೆ ಅಂತ ಪಾರ್ಲರಿನವರು ಅದನ್ನು ಜಾಸ್ತಿ ಕಾಯಿಸುತ್ತಾರೆ. ಸುಟ್ಟುಕೊಳ್ಳುವುದು ಇಲ್ಲೇ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಒಂದು ಚೂರು ಹಚ್ಚಿ ನೋಡಿ ಅಂತ ಹೇಳಲು ಸಂಕೋಚ ಬೇಡ. ಒಮ್ಮೆ ಮೈಗೆ ಹಚ್ಚಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದುತ್ತಿದ್ದರೆ ಎದ್ದು ಬನ್ನಿ. ಎಷ್ಟು ಜನರ ಮೈ ಮುಟ್ಟಿದ ವ್ಯಾಕ್ಸೋ ಅದು.

ಮಂಗಳೂರು, ಉಡುಪಿ ಕಡೆಯವರಿಗೆ ಒಣ ಚಳಿಯ ಕಾಟ ಇಲ್ಲ, ಬೆವರಿನ ಕಾಟ ಇದೆ. ಅಲ್ಲಿ ವ್ಯಾಕ್ಸಿಂಗ್ ಆದ ಮೇಲೆ ಒಂದೆರಡು ದಿನ ಬಿಗಿ ಬಟ್ಟೆ ಬೇಡ. ಅಮೆರಿಕ, ಇಂಗ್ಲೆಂಡಿನಿಂದ ಜನವರಿಯಲ್ಲಿ ಊರಿನ ಮದುವೆಗೆ ಬರುವವರಿಗೂ ಒಂದು ಮಾತು: ಹೀಟರ್ ಗಾಳಿಗೆ ಒಣಗಿದ ಚರ್ಮ ಹೊತ್ತು ವಿಮಾನ ಇಳಿದ ಮರುದಿನವೇ ಗುರುತಿಲ್ಲದ ಪಾರ್ಲರಿಗೆ ಓಡಬೇಡಿ. ನೀವಿರುವ ಊರಿನಲ್ಲೇ, ಆಗಿಬಂದ ಕಡೆ ಮುಗಿಸಿಕೊಂಡು ಬನ್ನಿ.

ಶಾಸ್ತ್ರಗಳ ಲೆಕ್ಕ ಬೇರೆ ಇದೆ. ಇದನ್ನು ಪಾರ್ಲರಿನಲ್ಲಿ ಯಾರೂ ವಿವರಿಸಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ. ವ್ಯಾಕ್ಸ್ ಆದ ಕೂಡಲೇ ಕೂದಲಿದ್ದ ರಂಧ್ರಗಳೆಲ್ಲ ತೆರೆದ ಸಣ್ಣ ಸಣ್ಣ ಗಾಯದ ಹಾಗಿರುತ್ತವೆ. ಅದರ ಮೇಲೆ ಅರಿಶಿನ ಎಣ್ಣೆ ಶಾಸ್ತ್ರ ಮಾಡಿ, ಹತ್ತಾರು ಜನರ ಕೈ ಅದೇ ಬಟ್ಟಲಿಗೆ ಹೋಗಿ, ಎಣ್ಣೆ ತಿಕ್ಕಿ, ಮೇಲೆ ಬಿಸಿನೀರು ಹುಯ್ದರೆ ಏನಾಗುತ್ತದೆ? ಉರಿ ಅಂತೂ ಖಂಡಿತ. ರಂಧ್ರಗಳಲ್ಲಿ ಸೋಂಕಾಗಿ ತುದಿಯಲ್ಲಿ ಕೀವಿರುವ ಗುಳ್ಳೆಗಳೂ ಏಳಬಹುದು. ನಾಲ್ಕೈದು ದಿನದ ಅಂತರ ಇದಕ್ಕಾಗಿಯೇ. ಅರಿಶಿನವೂ ಎಲ್ಲರಿಗೂ ಒಗ್ಗುವುದಿಲ್ಲ. ಶಾಸ್ತ್ರಕ್ಕೆ ಬಳಸುವ ಅರಿಶಿನವನ್ನೇ ಒಂದು ವಾರ ಮೊದಲು ಮೊಣಕೈ ಒಳಗೆ ಹಚ್ಚಿ ನೋಡಿ. ಅಂಗಡಿಯ ಬಣ್ಣದ ಪುಡಿಗಿಂತ ಮನೆಯಲ್ಲಿ ಕೊಂಬು ತೇಯ್ದದ್ದು ಉತ್ತಮ.

ಮೆಹಂದಿಗೂ ವ್ಯಾಕ್ಸಿಂಗ್ ಮುಂಚೆಯೇ ಆಗಿರಬೇಕು. ಮೆಹಂದಿಯ ಬಣ್ಣ ಕೂರುವುದು ಚರ್ಮದ ಮೇಲಿನ ಸತ್ತ ಪದರದಲ್ಲಿ. ಮೆಹಂದಿ ಹಾಕಿದ ಮೇಲೆ ವ್ಯಾಕ್ಸ್ ಮಾಡಿಸಿದರೆ ಆ ಪದರವೇ ಕಿತ್ತು ಬಂದು ಬಣ್ಣ ಮಂಕಾಗುತ್ತದೆ. ಕಪ್ಪು ಬಣ್ಣ ಬರುವ ಮೆಹಂದಿ ಕೋನ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದರಲ್ಲಿ ಹೇರ್‌ಡೈನಲ್ಲಿ ಇರುವ ಪಿಪಿಡಿ ಎಂಬ ರಾಸಾಯನಿಕ ಸೇರಿರಬಹುದು. ಒಗ್ಗದವರಿಗೆ ಚಿತ್ತಾರದ ಆಕಾರದಲ್ಲೇ ಬೊಬ್ಬೆ ಏಳುತ್ತವೆ.

ಇನ್ನು ಮುಖ. ಹುಬ್ಬು, ಮೇಲ್ದುಟಿ, ಗದ್ದಕ್ಕೆ ಥ್ರೆಡಿಂಗ್ ಒಳ್ಳೆಯದು. ದಾರ ಕೂದಲನ್ನು ಮಾತ್ರ ಎಳೆಯುತ್ತದೆ, ವ್ಯಾಕ್ಸಿನ ಹಾಗೆ ಚರ್ಮಕ್ಕೆ ಅಂಟುವುದಿಲ್ಲ. ಮೊದಲ ಶಾಸ್ತ್ರಕ್ಕೆ ಮೂರು ದಿನ ಮುಂಚೆ ಮಾಡಿಸಿ. ಮೊಡವೆಗೆ ಅಡಾಪಲೀನ್, ಟ್ರೆಟಿನಾಯಿನ್ ಅಥವಾ ರೆಟಿನಾಲ್ ಇರುವ ಕ್ರೀಮ್ ಹಚ್ಚುತ್ತಿದ್ದೀರಾ? ಹಾಗಿದ್ದರೆ ಆ ಜಾಗಕ್ಕೆ ವ್ಯಾಕ್ಸ್ ಹಾಕುವ 2ರಿಂದ 5 ದಿನ ಮೊದಲೇ ಕ್ರೀಮ್ ನಿಲ್ಲಿಸಬೇಕು, ಇಲ್ಲವಾದರೆ ಚರ್ಮ ಸುಲಿಯುತ್ತದೆ. ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಅದನ್ನು ಬಿಟ್ಟು 6 ತಿಂಗಳು ಆಗದವರು ಮೈಗೆ ಎಲ್ಲೂ ವ್ಯಾಕ್ಸ್ ಮಾಡಿಸಲೇಬಾರದು. ಪಾರ್ಲರಿನಲ್ಲಿ ಇದನ್ನು ಅವರಾಗಿ ಕೇಳುವುದು ಅಪರೂಪ. ನೀವೇ ಹೇಳಿ.

ನಿಮ್ಮ ಗದ್ದದ ದಪ್ಪ ಕೂದಲಿನ ವಿಷಯವನ್ನು ಪಾರ್ಲರಿಗೆ ಬಿಟ್ಟುಬಿಡಬೇಡಿ. ಒಂದೆರಡು ಕೂದಲು ಎಷ್ಟೋ ಜನರಿಗೆ ಇರುತ್ತವೆ, ಗಾಬರಿ ಬೇಡ. ಆದರೆ ಅದರ ಜೊತೆ ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ, ಮೊಡವೆ ಜಾಸ್ತಿಯಾಗಿದ್ದರೆ, ನೆತ್ತಿಯ ಕೂದಲು ತೆಳ್ಳಗಾಗುತ್ತಿದ್ದರೆ ಪಿಸಿಓಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು, ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆಯಿಂದ ಕೂದಲು ಕಡಿಮೆಯಾಗಲು ಆರು ತಿಂಗಳಾದರೂ ಬೇಕು, ಹಾಗಾಗಿ ಮದುವೆಯೊಳಗೆ ವ್ಯತ್ಯಾಸ ಕಾಣದು. ಆದರೂ ಈಗಲೇ ತೋರಿಸಿ. ಮದುವೆ ಗಲಾಟೆಯಲ್ಲಿ ಹೆಣ್ಣುಮಕ್ಕಳು ತಮ್ಮ ಆರೋಗ್ಯದ ವಿಷಯ ಮುಂದಕ್ಕೆ ಹಾಕುತ್ತಲೇ ಹೋಗುವುದು ನನಗೆ ನಿಜಕ್ಕೂ ನೋವಿನ ವಿಷಯ. ಹಾರ್ಮೋನಿನ ಕಾರಣ ಹಾಗೇ ಇದ್ದರೆ ಲೇಸರ್ ಮಾಡಿಸಿದರೂ ಹೊಸ ಕೂದಲು ಬರುತ್ತಲೇ ಇರುತ್ತದೆ. ಕೆನ್ನೆಯ ನವಿರು ಕೂದಲಿಗಂತೂ ಲೇಸರ್ ಬೇಡ. ಅಪರೂಪಕ್ಕೆ ಅದು ಕೂದಲನ್ನು ಇನ್ನಷ್ಟು ದಪ್ಪ ಮಾಡಿಬಿಡುತ್ತದೆ.

ಕಡಲೆಹಿಟ್ಟು, ಕಸ್ತೂರಿ ಅರಿಶಿನ ತಿಕ್ಕಿದರೆ ಕೂದಲು ಹೋಗುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಬುಡದಲ್ಲಿರುವ ಕೂದಲನ್ನು ಅದು ತೆಗೆಯುವುದಿಲ್ಲ. ಒಣಗಿದ ಚರ್ಮವನ್ನು ಬಲವಾಗಿ ತಿಕ್ಕಿದರೆ ಕೆಂಪಾಗಿ ಕಪ್ಪಾಗುತ್ತದೆ ಅಷ್ಟೇ.

ಕೂದಲು ತೆಗೆಯುವ ಕ್ರೀಮ್ ನಿಮಗೆ ಬೇಡ ಅನ್ನುತ್ತೇನೆ. ಕೂದಲನ್ನು ಕರಗಿಸುವ ಕ್ಷಾರ ಅದರಲ್ಲಿದೆ, ಒಡೆದ ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಮೊದಲಿಂದ ಬಳಸಿ ಅಭ್ಯಾಸ ಇರುವವರು ಡಬ್ಬಿಯ ಮೇಲೆ ಬರೆದಿರುವ ಸಮಯಕ್ಕಿಂತ ಒಂದು ನಿಮಿಷವೂ ಜಾಸ್ತಿ ಇಟ್ಟುಕೊಳ್ಳಬಾರದು.

ರೇಜರ್ ಬಗ್ಗೆ ನಿಮಗೆ ಕೀಳರಿಮೆ ಬೇಕಿಲ್ಲ. ಬೋಳಿಸಿದರೆ ಕೂದಲು ದಪ್ಪ ಆಗುತ್ತದೆ ಅನ್ನುವುದು ಸುಳ್ಳು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ 1928ರಲ್ಲೇ ಇದನ್ನು ಅಳೆದು ನೋಡಿ, ವ್ಯತ್ಯಾಸ ಇಲ್ಲ ಅಂತ ತೋರಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ. ಮೊದಲ ವ್ಯಾಕ್ಸಿಂಗ್‌ನಲ್ಲಿ ಮೈತುಂಬ ಗುಳ್ಳೆ ಎದ್ದರೆ ಎರಡನೆಯದನ್ನು ಕೈಬಿಟ್ಟು, ಮದುವೆಯ ಹಿಂದಿನ ದಿನ ರೇಜರ್ ಅಥವಾ ಟ್ರಿಮ್ಮರ್ ಬಳಸಿ. ಹೊಸ ಬ್ಲೇಡ್ ಇರಲಿ, ಬೆಚ್ಚಗಿನ ಸ್ನಾನದ ಕೊನೆಯಲ್ಲಿ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಚಳಿಗೆ ನಡುಗುತ್ತಾ ಮಾಡಿದರೆ ಚರ್ಮದ ಮೇಲೆ ಸಣ್ಣ ಸಣ್ಣ ಉಬ್ಬು ಎದ್ದಿರುತ್ತವೆ, ಬ್ಲೇಡ್ ತಾಗಿ ಗೀರಾಗುತ್ತದೆ.

ಎಷ್ಟು ಎಚ್ಚರ ವಹಿಸಿದರೂ ಕೆಲವರಿಗೆ ವ್ಯಾಕ್ಸಿಂಗ್ ಆದ ರಾತ್ರಿ ಕೆಂಪು ಚುಕ್ಕೆ ಏಳುತ್ತವೆ. ತಣ್ಣೀರಿನ ಬಟ್ಟೆ ಇಡಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಸಡಿಲ ಹತ್ತಿ ಬಟ್ಟೆ ತೊಡಿ, ಒಂದು ದಿನ ಬಿಸಿನೀರು, ಸೆಂಟು, ಡಿಯೋಡರೆಂಟ್ ಬಿಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟಿರಾಯ್ಡ್ ಬೆರೆಸಿದ ಕ್ರೀಮನ್ನು ಮುಖಕ್ಕೆ ಹಚ್ಚಬೇಡಿ. ಗುಳ್ಳೆಯಲ್ಲಿ ಕೀವು ತುಂಬಿದರೆ, ನೋವು ಏರುತ್ತಾ ಹೋದರೆ, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಅರಿಶಿನದ ಶಾಸ್ತ್ರ ಆ ಜಾಗ ಬಿಟ್ಟು ಕೆನ್ನೆ, ಪಾದಕ್ಕೆ ಮುಟ್ಟಿಸಿದರೂ ನಡೆಯುತ್ತದೆ, ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ.