ಯಾವ ನೀರಿನ ಮೀನು ಇದು?

ಅಂಗಡಿಯ ತೊಟ್ಟಿಯಲ್ಲಿ ಗಾಜಿಗೆ ಬಾಯಿ ಕಚ್ಚಿಕೊಂಡು ಕೂತಿರುವ ಪುಟ್ಟ ಕಪ್ಪು ಮೀನನ್ನು ನೀವು ನೋಡಿರುತ್ತೀರಿ. ಬೆರಳುದ್ದ ಇರುತ್ತದೆ. ಸಕ್ಕರ್ ಅಂತ ಕರೆಯುತ್ತಾರೆ. ಪಾಚಿ ತಿಂದು ಗಾಜು ಕ್ಲೀನ್ ಮಾಡುತ್ತೆ, ಒಂದಿರಲಿ ಅಂತ ಕೊಡುತ್ತಾರೆ. ನಾನೂ ಹಾಗೇ ತಂದಿದ್ದೆ. ನನ್ನದು ಎರಡೂವರೆ ಅಡಿಯ ತೊಟ್ಟಿ. ಎರಡನೇ ವರ್ಷದ ಹೊತ್ತಿಗೆ ಮೀನು ನನ್ನ ಮುಂಗೈಯಷ್ಟು ಬೆಳೆದಿತ್ತು. ಹಿಂದಕ್ಕೆ ತಿರುಗಬೇಕಾದರೆ ಬಾಲ ಮಡಚಿ, ಗಾಜಿಗೆ ಮೈ ಉಜ್ಜಿಕೊಂಡೇ ತಿರುಗಬೇಕಿತ್ತು. ದೀಪ ಆರಿಸಿದ ಮೇಲೆ ಗಿಡಗಳು ಬುಡ ಸಮೇತ ಕಿತ್ತು ಬರುತ್ತಿದ್ದವು. ಅದರ ತಪ್ಪೇನೂ ಇರಲಿಲ್ಲ. ಅದು ದಕ್ಷಿಣ ಅಮೆರಿಕದ ದೊಡ್ಡ ನದಿಗಳ ಮೀನು, ಒಂದೂವರೆ ಅಡಿ ತನಕ ಬೆಳೆಯುವ ಜಾತಿ. ತರುವ ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: ಇದು ಯಾವ ನೀರಿನ ಮೀನು?

ಮೀನಿನ ವಿಷಯಕ್ಕೆ ಹೋಗುವ ಮೊದಲು ನೀರಿನ ವಿಷಯ ಹೇಳಬೇಕು. ಹೊಳೆಯಲ್ಲಿ ಮೀನಿನ ಹೊಲಸು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಮೀನಿನ ಮೈಯಲ್ಲಿ ಹುಟ್ಟುವ ಅಮೋನಿಯಾ ಬಹುಪಾಲು ಕಿವಿರಿನಿಂದಲೇ ಹೊರಗೆ ಬರುತ್ತದೆ. ಅಂದರೆ ಮೀನು ತಾನು ಉಸಿರಾಡುವ ನೀರಿಗೆ ತಾನೇ ವಿಷ ಬಿಡುತ್ತಿರುತ್ತದೆ. ಅದನ್ನು ಅರಗಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದರ ಕಾಟ ತುಂಬಾ ಕಡಿಮೆ. ಗಿಡಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದು ನಾವು ವಾರಕ್ಕೊಮ್ಮೆ ನೀರು ಬದಲಾಯಿಸಿದಾಗ ಹೋಗುತ್ತದೆ.

ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ ಮನೆ ಮಾಡಲು 4ರಿಂದ 6 ವಾರ ಬೇಕು. ಹೊಸ ತೊಟ್ಟಿಗೆ ಬಿಟ್ಟ ಮೀನು ಮೊದಲ ಕೆಲವು ವಾರಗಳಲ್ಲೇ ಸತ್ತರೆ ಎಷ್ಟೋ ಸಲ ಕಾರಣ ಇದೇ. ನೋಡುವುದಕ್ಕೆ ನೀರು ತಿಳಿಯಾಗಿಯೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಆರೋಗ್ಯವಾಗಿರುವ ಹಳೇ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆ ತೋರಿಸುವ ತನಕ ಮೀನು ತರಬೇಡಿ. ಕಾಯುವ ದಿನಗಳು ಮೀನಿನ ಬಗ್ಗೆ ಓದಿಕೊಳ್ಳೋಕೆ ಸರಿಹೋಗುತ್ತವೆ.

ಏನು ಓದಬೇಕು? ಪೂರ್ತಿ ಬೆಳೆದಾಗ ಎಷ್ಟುದ್ದ, ಒಂಟಿಯೋ ಗುಂಪೋ, ಎಂಥ ನೀರು. ಗೋಲ್ಡ್‌ಫಿಶ್ ಅನ್ನೇ ನೋಡಿ. ಕಾರ್ಪ್ ಕುಟುಂಬದ ಮೀನು, ಚೆನ್ನಾಗಿ ನೋಡಿಕೊಂಡರೆ 20 ಸೆಂಟಿಮೀಟರ್ ದಾಟುತ್ತದೆ, 10–15 ವರ್ಷ ಬದುಕುತ್ತದೆ. ಅದನ್ನು ಗಾಜಿನ ಬಟ್ಟಲಲ್ಲಿ ಇಡುವುದು ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಬಟ್ಟಲಿನ ಬಾಯಿ ಕಿರಿದು, ಗಾಳಿ ನೀರಿಗೆ ಸೇರುವುದು ಅಲ್ಲಿಂದಲೇ. ಜೊತೆಗೆ ನೀರು ಬಿಸಿಯಾದಷ್ಟೂ ಆಕ್ಸಿಜನ್ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಬೆಟ್ಟಾ ಮೀನಿನ ಕತೆ ಬೇರೆ. ಅದರ ತಲೆಯೊಳಗೆ ಗಾಳಿಯನ್ನೇ ನೇರ ಉಸಿರಾಡುವ ಒಂದು ಅಂಗ ಇದೆ, ಹಾಗಾಗಿ ಲೋಟದಷ್ಟು ನೀರಿನಲ್ಲೂ ಸಾಯದೆ ಉಳಿಯುತ್ತದೆ. ಸಾಯಲಿಲ್ಲ ಅಂದ ಮಾತ್ರಕ್ಕೆ ಸುಖವಾಗಿದೆ ಅಂತಲ್ಲ ಅಲ್ವಾ? ನಿಯಾನ್ ಟೆಟ್ರಾದಂಥ ಗುಂಪಿನ ಮೀನುಗಳನ್ನು ಒಂದೋ ಎರಡೋ ತಂದರೆ ಬಣ್ಣ ಕಳೆದುಕೊಂಡು ಮೂಲೆ ಸೇರುತ್ತವೆ. ಆರಕ್ಕಿಂತ ಕಡಿಮೆ ಬೇಡ, ಹತ್ತಿದ್ದರೆ ಚೆಂದ.

ಇಷ್ಟು ಎಲ್ಲರೂ ಹೇಳುತ್ತಾರೆ. ಈ ಮೀನು ಹುಟ್ಟಿದ್ದೆಲ್ಲಿ, ಹಿಡಿದದ್ದು ಹೇಗೆ ಅಂತ ಕೇಳುವವರು ಕಡಿಮೆ.

ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ಫಾರಂಗಳಲ್ಲಿ ಹುಟ್ಟಿದವು. ಸಮುದ್ರದ ಮೀನುಗಳಲ್ಲಿ ಲೆಕ್ಕ ತಿರುಗುಮುರುಗು, ಹೆಚ್ಚಿನವನ್ನು ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಹಿಡಿಯುವ ಒಂದು ಕೆಟ್ಟ ದಾರಿ ಸಯನೈಡ್. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದದ್ದು. ಬಾಟಲಿಯಲ್ಲಿ ಸಯನೈಡ್ ನೀರು ತುಂಬಿಕೊಂಡು ಮುಳುಗಿ, ಹವಳದ ಸಂದಿಗಳಿಗೆ ಚಿಮ್ಮಿಸುತ್ತಾರೆ. ಒಳಗೆ ಅಡಗಿದ್ದ ಮೀನು ಪ್ರಜ್ಞೆ ತಪ್ಪಿ ಕೈಗೆ ಸಿಗುತ್ತದೆ. ಅಕ್ಕಪಕ್ಕದ ಹವಳ ಸಾಯುತ್ತದೆ. ಬದುಕುಳಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಎಷ್ಟೋ ಸಲ ಮನೆಗೆ ಬಂದ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಬಂಗಾಯ್ ಕಾರ್ಡಿನಲ್ ಮೀನಿನ ಕತೆ ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತಮುತ್ತಲಿನದು. ಬೆಳ್ಳಿ ಮೈಗೆ ಕಪ್ಪು ಪಟ್ಟೆ, ಉದ್ದನೆಯ ರೆಕ್ಕೆಗಳು. ಮೊಟ್ಟೆಯನ್ನು ಕಾಯುವುದು ಗಂಡು, ಅದೂ ಬಾಯೊಳಗೆ ಇಟ್ಟುಕೊಂಡು. ಮರಿಗಳು ಹೊರಗೆ ಬರುವ ತನಕ, ಮೂರು ವಾರಕ್ಕೂ ಜಾಸ್ತಿ, ಏನೂ ತಿನ್ನುವುದಿಲ್ಲ. ಬೇರೆ ಹವಳದ ಮೀನುಗಳ ಮರಿಗಳು ಅಲೆಗಳ ಜೊತೆ ತೇಲಿ ದೂರ ದೂರ ಹೋಗುತ್ತವೆ. ಇದರ ಮರಿಗಳು ಹಾಗಲ್ಲ, ಅಪ್ಪನ ಬಾಯಿಂದ ಹೊರಬಿದ್ದು ಅಲ್ಲೇ ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಜೀವಿಗಳ ಮುಳ್ಳಿನ ನಡುವೆ ಬೆಳೆಯುತ್ತವೆ. ಹಾಗಾಗಿ ಒಂದು ಕೊಲ್ಲಿಯ ಮೀನನ್ನೆಲ್ಲ ಹಿಡಿದುಬಿಟ್ಟರೆ ಪಕ್ಕದ ಕೊಲ್ಲಿಯಿಂದ ಬಂದು ತುಂಬುವವರಿಲ್ಲ. 1990ರ ದಶಕದಲ್ಲಿ ಇದು ಅಕ್ವೇರಿಯಂ ಲೋಕದ ಕಣ್ಣಿಗೆ ಬಿತ್ತು. 2007ರ ಹೊತ್ತಿಗೆ, ಅಳಿವಿನ ಅಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅಪಾಯದ ಪಟ್ಟಿ ಸೇರಿತ್ತು. ತೊಟ್ಟಿಯಲ್ಲಿ ಮರಿ ಮಾಡಿಸಲು ಸುಲಭವಾದ ಮೀನು ಇದು. ಸಾಕಿದ ಮರಿಗಳೇ ಸಿಗುವಾಗ ಕಡಲಿನಿಂದ ಹಿಡಿದು ತಂದದ್ದನ್ನು ಯಾಕೆ ಕೊಳ್ಳಬೇಕು? ಕ್ಲೌನ್ ಮೀನಿಗೂ ಇದೇ ಮಾತು. ನೀಲಿ ಟ್ಯಾಂಗ್ ಎಂಬ ಕಡಲ ಮೀನನ್ನು ಮರಿ ಮಾಡಿಸುವುದು ಮಾತ್ರ ಬಹಳ ಕಷ್ಟ. ಫ್ಲಾರಿಡಾ ವಿಶ್ವವಿದ್ಯಾಲಯದವರಿಗೆ ಅದು ಸಾಧ್ಯವಾದದ್ದು 2016ರಲ್ಲಿ.

ಹಾಗಂತ ಹೊಳೆಯಿಂದ ಹಿಡಿದದ್ದೆಲ್ಲ ಕೆಟ್ಟದ್ದು ಅಂದುಕೊಳ್ಳಬೇಡಿ. ಬ್ರೆಜಿಲ್‌ನ ರಿಯೊ ನೆಗ್ರೊ ನದಿಯ ದಂಡೆಯಲ್ಲಿ ಬಾರ್ಸೆಲೋಸ್ ಎಂಬ ಊರಿದೆ. ಎಲೆಗಳು ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಅಲ್ಲಿನ ನೀರಿನಲ್ಲಿ ಕಾರ್ಡಿನಲ್ ಟೆಟ್ರಾ ಹೇರಳವಾಗಿವೆ. ಜನ ದೋಣಿಯಲ್ಲಿ ಹೋಗಿ ಚಿಕ್ಕ ಬಲೆಗಳಲ್ಲಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ನದಿ ಕಾಡಿನೊಳಕ್ಕೆ ನುಗ್ಗುತ್ತದೆ, ಮೀನು ಅಲ್ಲಿ ಹುಲುಸಾಗಿ ಬೆಳೆಯುತ್ತದೆ. ನೀರು ಇಳಿದಾಗ ಒಣಗುವ ಗುಂಡಿಗಳಲ್ಲಿ ಸಿಕ್ಕಿಕೊಂಡು ಲೆಕ್ಕವಿಲ್ಲದಷ್ಟು ಹೇಗೂ ಸಾಯುತ್ತವೆ. ಮೀನು ಬೇಕು ಅಂದರೆ ಕಾಡು ಉಳಿಯಬೇಕು, ಅದು ಅಲ್ಲಿನವರಿಗೆ ಗೊತ್ತು. ವರ್ಷಕ್ಕೊಮ್ಮೆ ಕಾರ್ಡಿನಲ್ ಟೆಟ್ರಾ ಮತ್ತು ಡಿಸ್ಕಸ್ ಮೀನುಗಳ ಹೆಸರಿನಲ್ಲಿ ಎರಡು ತಂಡ ಮಾಡಿಕೊಂಡು ಊರೇ ಹಬ್ಬ ಮಾಡುತ್ತದೆ. ಈ ಮೀನನ್ನು ಕೊಳ್ಳುವುದನ್ನು ನಾವೆಲ್ಲ ನಿಲ್ಲಿಸಿಬಿಟ್ಟರೆ, ಅವರು ಹೊಟ್ಟೆಪಾಡಿಗೆ ಮರ ಕಡಿಯುವ ಕಡೆ ಹೊರಳಬೇಕಾದೀತು. ಆದ್ದರಿಂದ ಎಲ್ಲ ಜಾತಿಗೂ ಒಂದೇ ಉತ್ತರ ಇಲ್ಲ. ಪಶ್ಚಿಮ ಘಟ್ಟದ ಹೊಳೆಗಳ ಮಿಸ್ ಕೇರಳ ಮೀನು ಅಪಾಯದಲ್ಲಿದೆ, ಅದನ್ನು ಸಾಕಿದ ಕಡೆಯಿಂದಲೇ ತನ್ನಿ.

ಒಂದು ಮೀನನ್ನು ಮಾತ್ರ ಎಲ್ಲಿಂದ ಬಂದರೂ ಕೊಳ್ಳಬೇಡಿ ಅಂತ ಬೇಡಿಕೊಳ್ಳುತ್ತೇನೆ. ಗ್ಲಾಸ್ ಫಿಶ್ ಅಂತ ಒಂದಿದೆ, ಮೂಳೆ ಕಾಣುವಷ್ಟು ಪಾರದರ್ಶಕ. ಅದರ ಬೆನ್ನಿಗೆ, ಹೊಟ್ಟೆಗೆ ಸೂಜಿ ಚುಚ್ಚಿ ಗುಲಾಬಿ, ಹಸಿರು ಬಣ್ಣ ತುಂಬಿ ಮಾರುತ್ತಾರೆ. ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ. ಅಷ್ಟರೊಳಗೆ ಎಷ್ಟೋ ಮೀನು ಸತ್ತಿರುತ್ತವೆ.

ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ರೆಕ್ಕೆ ಮೈಗೆ ಅಂಟಿದೆಯಾ, ಕಿವಿರು ದಡಬಡ ಬಡಿಯುತ್ತಿದೆಯಾ, ಉಪ್ಪಿನ ಹರಳಿನಂಥ ಬಿಳಿ ಚುಕ್ಕಿ ಇದೆಯಾ? ಊಟ ಹಾಕಿ ತೋರಿಸಿ ಅಂತ ಕೇಳಿ. ಮನೆಗೆ ತಂದಮೇಲೆ ಮೂರ್ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ.

ಚೀಲ ಬಿಚ್ಚುವುದರಲ್ಲೂ ಒಂದು ವಿಷಯ ಇದೆ. ಮೀನು ದೂರದಿಂದ, ಒಂದೆರಡು ದಿನ ಚೀಲದಲ್ಲೇ ಇದ್ದು ಬಂದಿದೆ ಅಂದುಕೊಳ್ಳಿ. ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲೇ ಕರಗಿ ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಇಳಿದಿರುತ್ತದೆ. ಹುಳಿಯಾದ ನೀರಿನಲ್ಲಿ ಅಮೋನಿಯಾ ಹೆಚ್ಚಾಗಿ ಅಮೋನಿಯಂ ಆಗಿರುತ್ತದೆ, ಅದು ಅಷ್ಟಾಗಿ ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ಮೀನು ವಿಷದ ನಡುವೆ ಸಿಕ್ಕಿಬೀಳುತ್ತದೆ. ಅದಕ್ಕೇ ಚೀಲವನ್ನು ಬಿಚ್ಚದೆ ಹದಿನೈದಿಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಡಿ, ನೀರಿನ ಬಿಸಿ ಸಮ ಆಗಲಿ. ಬಿಚ್ಚಿದ ಮೇಲೆ ಜಾಸ್ತಿ ಹೊತ್ತು ಕಾಯಿಸದೆ ಮೀನನ್ನಷ್ಟೇ ತೊಟ್ಟಿಗೆ ಬಿಡಿ, ಚೀಲದ ನೀರು ಚೆಲ್ಲಿಬಿಡಿ.

ಆ ಸಕ್ಕರ್ ಮೀನನ್ನು ಕೆರೆಗೆ ಬಿಟ್ಟುಬಿಡು ಅಂತ ನನಗೆ ಹೇಳಿದವರಿದ್ದರು. ಹಾಗೆ ಬಿಟ್ಟ ಸಕ್ಕರ್‌ಗಳು ಎಷ್ಟೋ ದೇಶಗಳ ಕೆರೆ-ಹೊಳೆಗಳಲ್ಲಿ ತುಂಬಿಕೊಂಡಿವೆ, ದಂಡೆ ಕೊರೆದು ಬಿಲ ಮಾಡುತ್ತವೆ, ಬಲೆ ಹರಿಯುತ್ತವೆ. ಲಯನ್ ಮೀನು ಫ್ಲಾರಿಡಾದ ಕಡಲಲ್ಲಿ ಮೊದಲು ಕಂಡದ್ದು 1985ರಲ್ಲಿ. ಈಗ ಕೆರಿಬಿಯನ್ ಉದ್ದಕ್ಕೂ ಹಬ್ಬಿ ಅಲ್ಲಿನ ಮೀನುಗಳನ್ನು ನುಂಗುತ್ತಿದೆ. ಅದೂ ಸಾಕಿದವರ ತೊಟ್ಟಿಯಿಂದಲೇ ಹೋಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. ನಾನು ನನ್ನ ಸಕ್ಕರನ್ನು ಕೆರೆಗೆ ಬಿಡದೆ, ದೊಡ್ಡ ತೊಟ್ಟಿ ಯಾರ ಹತ್ತಿರ ಇದೆ ಅಂತ ಕೇಳುತ್ತಾ ಹೋದೆ. ಎರಡು ತಿಂಗಳ ನಂತರ ಎಂಟು ಅಡಿಯ ತೊಟ್ಟಿ ಇದ್ದವರೊಬ್ಬರು ಸಿಕ್ಕಿದರು. ಮೀನು ಬಕೆಟ್‌ನಿಂದ ಜಾರಿ ತಳಕ್ಕೆ ಹೋಗಿ ಕೂತಿತು, ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಆ ತುದಿ ತನಕ ಈಜಿಕೊಂಡು ಹೋಗಿ, ಬಾಲ ಮಡಚದೆ ತಿರುಗಿ ಬಂತು.