ಅಡಿಕೆ ಮರದ ಡ್ರ್ಯಾಗನ್

ಶಿರಸಿ ಹತ್ತಿರದ ನೆಂಟರ ತೋಟದಲ್ಲಿ ಕೊನೆಕೊಯ್ಲು ನೋಡುತ್ತಾ ನಿಂತಿದ್ದೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮೇಲಿಂದ ಮೇಲೇ ಒಂದು ಮರದಿಂದ ಇನ್ನೊಂದಕ್ಕೆ ದಾಟಿದ. ಮರ ತೂಗಿದ್ದೇ ತಡ, ತೊಗಟೆಯ ಚೂರೊಂದು ಕಳಚಿತು. ಆದರೆ ಕೆಳಗೆ ಬೀಳಲಿಲ್ಲ. ಓರೆಯಾಗಿ ತೇಲಿ ನಾಲ್ಕು ಮರದಾಚೆ ಹೋಗಿ ಅಂಟಿಕೊಂಡಿತು.

"ಹಾರೋತಿ" ಎಂದ ಹಗ್ಗ ಹಿಡಿದವ, ತಲೆಯನ್ನೂ ಎತ್ತದೆ. ಪಕ್ಕದಲ್ಲಿದ್ದ ಹುಡುಗ ಮಾತ್ರ "ಡ್ರ್ಯಾಗನ್!" ಅಂತ ಕೂಗಿದ.

ಹುಡುಗ ಹೇಳಿದ್ದು ಸುಳ್ಳೇನಲ್ಲ. ಈ ಓತಿಗಳ ಕುಲಕ್ಕೆ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರೇ ಡ್ರಾಕೊ. ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ ಅಂತಲೇ ಅರ್ಥ. ನಮ್ಮ ಘಟ್ಟದ್ದು ಡ್ರಾಕೊ ದುಸ್ಸುಮಿಯೇರಿ.

ಹಾಗಂತ ಕತೆಯ ಡ್ರ್ಯಾಗನ್ ಇದರಿಂದ ಹುಟ್ಟಿದ್ದಲ್ಲ. ಹೆಸರು ಕತೆಯಿಂದ ಓತಿಗೆ ಬಂತು, ಅಷ್ಟೇ. ಗ್ರೀಕರ 'ಡ್ರಾಕೋನ್' ಅಂದರೆ ದೊಡ್ಡ ಹಾವು. ನಮ್ಮಲ್ಲಿ ನಿಧಿ ಕಾಯುವುದು ಸರ್ಪ, ಅವರಲ್ಲಿ ಡ್ರ್ಯಾಗನ್. ಎರಡೂ ದೂರದ ನೆಂಟರೇ ಅಂತ ನನ್ನ ಗುಮಾನಿ.

ಜನ ಕಣ್ಣಾರೆ ಕಂಡದ್ದೂ ಆ ಕತೆಗೆ ಸೇರಿಕೊಂಡಿತು. ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್ ಊರಿನ ಚೌಕದಲ್ಲಿ 16ನೇ ಶತಮಾನದ ಕಲ್ಲಿನ ಡ್ರ್ಯಾಗನ್ ಇದೆ. ಅದರ ತಲೆಗೆ ಮಾದರಿಯಾಗಿದ್ದು ಅಲ್ಲೇ ಸಿಕ್ಕ ಒಂದು ಬುರುಡೆ. ಆಮೇಲೆ ನೋಡಿದರೆ ಅದು ಹಿಮಯುಗದ ಉಣ್ಣೆ ಖಡ್ಗಮೃಗದ್ದು! ಪಕ್ಕದ ಸ್ಲೊವೇನಿಯಾದ್ದು ಇನ್ನೂ ಮಜಾ. ಜೋರು ಮಳೆಯಾದರೆ ಅಲ್ಲಿನ ಗುಹೆಗಳ ನೀರಿನಲ್ಲಿ ಗೇಣುದ್ದದ, ಬಿಳಿಚಿಕೊಂಡ, ಕುರುಡು ಪ್ರಾಣಿಗಳು ಕೊಚ್ಚಿಕೊಂಡು ಬರುತ್ತಿದ್ದವು. ಕಪ್ಪೆಯ ಬಳಗದ ಸಾಲಮ್ಯಾಂಡರ್‌ಗಳು ಅವು. ಜನ ಡ್ರ್ಯಾಗನ್ ಮರಿ ಅಂದುಕೊಂಡರು. ವಾಲ್ವಾಸರ್ ಎಂಬಾತ 1689ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಮರಿಯೇ ಗೇಣುದ್ದ ಅಂದರೆ ಒಳಗಿರುವ ತಾಯಿ ಎಷ್ಟಿರಬೇಡ, ಅಲ್ವಾ?

ಚಿತ್ರ ಬರೆಯುವವರು ಮಾತ್ರ ಒಂದು ಲೆಕ್ಕ ತಪ್ಪಿದರು. ನಾಲ್ಕು ಕಾಲು, ಮೇಲೆರಡು ರೆಕ್ಕೆ, ಒಟ್ಟು ಆರಾಯಿತು. ಬೆನ್ನುಮೂಳೆ ಇರುವ ಪ್ರಾಣಿಗಳಿಗೆ ಸಿಕ್ಕಿರುವುದೇ ನಾಲ್ಕು. ಹಕ್ಕಿ, ಬಾವಲಿ ರೆಕ್ಕೆಗಾಗಿ ಕೈಯನ್ನೇ ಕೊಟ್ಟವು.

ಹಾರೋತಿ ಕೈ ಬಿಡಲಿಲ್ಲ. ಅದರ ಕೆಲವು ಪಕ್ಕೆಲುಬುಗಳು ಉದ್ದಕ್ಕೆ ಬೆಳೆದಿವೆ. ಜಿಗಿದಾಗ ಅವು ಕೊಡೆಯ ಕಡ್ಡಿಗಳ ಹಾಗೆ ಹರಡಿ ಪಕ್ಕದ ಚರ್ಮವನ್ನು ಬಿಡಿಸುತ್ತವೆ. ಬಡಿಯುವ ರೆಕ್ಕೆಯಲ್ಲ, ತೇಲುವ ರೆಕ್ಕೆ. ಕೈಗೂ ಕೆಲಸ ಇದೆ. ನಮ್ಮ ಈ ಜಾತಿಯನ್ನೇ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಲ್ಲಿರುವಾಗ ಅದು ಕೈ ಹಿಂದೆ ಮಾಡಿ ಆ ಚರ್ಮದ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಗಾಳಿಗೆ ಹಾರುವ ಕಂಬಳಿಕೊಪ್ಪೆಯ ಅಂಚು ಹಿಡಿದ ಹಾಗೆ.

ಹುಡುಗ ಮೆತ್ತಗೆ ಆ ಮರದ ಬುಡಕ್ಕೆ ಹೋಗಿ ನಿಂತ. ತೊಗಟೆಯ ಬಣ್ಣದಲ್ಲಿ ಅದು ಎಲ್ಲಿದೆ ಅಂತ ಮೊದಲು ಕಾಣಲಿಲ್ಲ. ಆಮೇಲೆ ಗಂಟಲ ಕೆಳಗಿನ ಹಳದಿ ಚರ್ಮ ಒಮ್ಮೆ ಚಾಚಿತು, ಮಡಚಿತು. ಗಂಡು.

"ಬೆಂಕಿ ಉಗುಳುತ್ತಾ?"

"ಇರುವೆ ತಿನ್ನುತ್ತೆ" ಎಂದೆ.

ಹುಡುಗನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಓತಿ ನಾಲಿಗೆ ಚಾಚಿ ಸಾಲಿನಲ್ಲಿದ್ದ ಒಂದು ಇರುವೆಯನ್ನು ಎತ್ತಿಕೊಂಡಿತು.